ಒಂದು ಸಾಲಿಗೆ ಒಂದೇ ಬದಲಾವಣೆ

ರೀಕಾ ವೆಲ್ಡ್‌ಹಾಯ್ಸ್ ಟೀಚರ್ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾರ್ನಿಯಾದ ಎಣ್ಣೆ ಕಾರ್ಖಾನೆಗಳಲ್ಲಿ ಪೈಪು ಜೋಡಿಸಿ ಹೊಟ್ಟೆ ಹೊರೆದ ನಮ್ಮಲ್ಲಿ ಮುಕ್ಕಾಲು ಪಾಲು ಜನ ಅವರನ್ನು ಯಾವುದೋ ಶಾಲೆಯ ಹಳೇ ಮೇಡಂ ಎಂದೇ ನಂಬಿದ್ದರು. ಅವರು ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ, ಗಂಡಸರ ಕೈಗಡಿಯಾರ ಹಾಕಿಕೊಂಡು, ಸೀಮೆಸುಣ್ಣ ಹಿಡಿದು ನಿಂತ ಐವತ್ತು ದಾಟಿದ ಹೆಂಗಸನ್ನು ಮತ್ತೇನೆಂದು ತಿಳಿಯಲು ಸಾಧ್ಯ?

ನಿಜವಾಗಿ ಅವರು ಪೈಪ್ ಶಾಪಿನ, ಅಂದರೆ ಪೈಪು ಕತ್ತರಿಸುವ ವರ್ಕ್‌ಶಾಪಿನ, ಆಫೀಸಿನಲ್ಲಿ ನಕ್ಷೆಗಳ ಅಳತೆ ತಾಳೆ ನೋಡುವ ಕೆಲಸದಲ್ಲಿದ್ದರು. ನಾವು ಕತ್ತರಿಸುವ ಪ್ರತಿ ಪೈಪಿನ ಉದ್ದವೂ ಮೊದಲು ಅವರ ಮೇಜಿನ ಮೇಲೆ ಹಾದು ಬರಬೇಕಿತ್ತು. ಸಂಜೆ ನಾಲ್ಕೂವರೆಗೆ, ಮಂಗಳವಾರ ಮಂಗಳವಾರ, ನಮ್ಮ ಕಾರ್ಮಿಕ ಸಂಘದ ಕಟ್ಟಡದ ಮಹಡಿಯ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಪೈಪು ಕೆಲಸದ ಸರ್ಟಿಫಿಕೇಟ್ ಪರೀಕ್ಷೆ ಹತ್ತಿರ ಬಂದು, ಬೀಜಗಣಿತ ಎಂದರೆ ಹೆದರುವವರೆಲ್ಲ ಅಲ್ಲಿ ಸೇರುತ್ತಿದ್ದರು. ಆ ಕೋಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಗಲು ಹಾಕಿದ ಒದ್ದೆ ಕೈಗವಸು, ಸುಟ್ಟ ಕಾಫಿ, ಸೀಮೆಸುಣ್ಣ. ಕಿಟಕಿಯಾಚೆ ನದಿಯಲ್ಲಿ ಹಡಗು ಕೂಗಿದರೆ ರೀಕಾ ಮಾತು ನಿಲ್ಲಿಸಿ, ಅದು ಮುಗಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಆ ಕಟ್ಟಡ ಈಗಿಲ್ಲ, ಅಲ್ಲಿ ಟೈರ್ ಅಂಗಡಿಯಿದೆ.

ನಾನು, ಓಮೆರ್ ಟ್ರೆಪಾನಿಯೆ, ಅಲ್ಲಿಗೆ ಮೊದಲು ಹೋದದ್ದು ಎಪ್ಪತ್ನಾಲ್ಕರ ಜನವರಿಯಲ್ಲಿ. ಆಗಲೇ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲವೂ ಬಿದ್ದರೆ ಜೀವನವಿಡೀ ಬೇರೆಯವರ ಪೈಪು ಹೊರಬೇಕಾಗಿತ್ತು. ಆದರೂ ಜಂಭಕ್ಕೇನೂ ಕಡಿಮೆಯಿರಲಿಲ್ಲ. ಹನ್ನೆರಡನೇ ತರಗತಿಯ ಗಣಿತವನ್ನು ಐವತ್ತೊಂದು ಅಂಕ ತಗೊಂಡು ಪಾಸು ಮಾಡಿದ್ದ ಕಾಗದ ನನ್ನ ಹತ್ತಿರ ಇತ್ತಲ್ಲ!

ರೀಕಾ ಬೋರ್ಡಿನ ಮೇಲೆ ಬರೆದರು: 3(x − 4) + 5 = 2x + 9.

"ಎಂಟು," ಎಂದು ಕೂತಲ್ಲಿಂದಲೇ ಹೇಳಿದೆ.

"ಎಲ್ಲಿಂದ ಬಂತಪ್ಪಾ ಎಂಟು?"

"ಮನಸ್ಸಲ್ಲೇ ಮಾಡ್ದೆ."

"ನಿನ್ನ ಮನಸ್ಸೊಳಗೆ ಇಣುಕಿ ನೋಡೋಕೆ ನಂಗೆ ಕಿಟಕಿ ಇಲ್ಲ. ಬಾ, ಬೋರ್ಡಲ್ಲಿ ಮಾಡು."

ಎದ್ದು ಹೋಗಿ 3x − 4 + 5 ಎಂದು ಬರೆದೆ. ರೀಕಾ ಸುಣ್ಣದ ತುದಿಯಿಂದ ಆ ನಾಲ್ಕನ್ನು ಕುಟ್ಟಿದರು.

"ಅಲ್ಲಯ್ಯಾ, ಆವರಣದ ಹೊರಗೆ ಆ ಮೂರು, ಸೌಟು ಹಿಡ್ಕೊಂಡು ನಿಂತಿದೆ. ಒಳಗೆ ಇಬ್ರು ಕೂತಿದಾರೆ. ಒಬ್ಬನಿಗೆ ಬಡಿಸಿ ಇನ್ನೊಬ್ಬನ್ನ ಉಪವಾಸ ಕೆಡವ್ತೀಯಾ?"

ಹಿಂದೆ ಎಲ್ಲರೂ ನಕ್ಕರು. ನನ್ನ ಕಿವಿ ಕೆಂಪಗಾಯಿತು. ನಾಲ್ಕಕ್ಕೂ ಬಡಿಸಿದೆ: 3x − 12 + 5 = 2x + 9. ಕೆಳಗೆ ಇನ್ನೊಂದು ಸಾಲು: 3x − 7 = 2x + 9. ಅಲ್ಲಿಂದ ಒಂದೇ ನೆಗೆತಕ್ಕೆ ಉತ್ತರಕ್ಕೆ ಹಾರಲು ಹೋದೆ. ರೀಕಾ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಒಂದು ಸಾಲಿಗೆ ಒಂದೇ ಬದಲಾವಣೆ. ಎರಡೂ ಕಡೆಯಿಂದ 2x ತೆಗಿ. ತೆಗ್ದು, ಬರಿ. ಆಮೇಲೆ ಏಳು ಕೂಡಿಸು. ಕೂಡ್ಸಿ, ಬರಿ."

x − 7 = 9. ಅದರ ಕೆಳಗೆ x = 16. ಮುಗಿಯಿತು ಎಂದುಕೊಂಡು ತಿರುಗಿದರೆ, "ಹೋಗಿ ತಾಳೆ ನೋಡ್ಕೊಂಡು ಬಾ" ಎಂದರು. ಹದಿನಾರನ್ನು ಮೊದಲ ಸಾಲಿಗೆ ಹಾಕಿದೆ. ಎಡಗಡೆ ಮೂರು ಹನ್ನೆರಡಲೆ ಮೂವತ್ತಾರು, ಐದು ಕೂಡಿದರೆ ನಲವತ್ತೊಂದು. ಬಲಗಡೆ ಮೂವತ್ತೆರಡು, ಒಂಬತ್ತು ಕೂಡಿದರೆ ನಲವತ್ತೊಂದು. ಶಾಲೆಯಲ್ಲಿ ಹನ್ನೆರಡು ವರ್ಷ ಬೆಂಚು ಸವೆಸಿದ್ದೆ. ಯಾವ ಪುಣ್ಯಾತ್ಮನೂ ಹೀಗೆ ವಾಪಸು ಹಾಕಿ ನೋಡು ಅಂದದ್ದು ನನಗೆ ನೆನಪಿಲ್ಲ. ಅಂದಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲ.

ಉದ್ದದ ಲೆಕ್ಕ ಕೊಡುವಾಗ ತಲೆಗೊಂದು ಪೆಪ್ಪರ್‌ಮಿಂಟು ಹಂಚುತ್ತಿದ್ದರು. ಅವರ ಡಚ್ ಚರ್ಚಿನಲ್ಲಿ ಪ್ರವಚನ ಶುರುವಾದಾಗ ಸಾಲಿನುದ್ದಕ್ಕೂ ಪೆಪ್ಪರ್‌ಮಿಂಟಿನ ಸುರುಳಿ ಕೈಯಿಂದ ಕೈಗೆ ಹೋಗುತ್ತದೆ. ಅದನ್ನೇ ಇಲ್ಲಿಗೂ ತಂದಿದ್ದರು. "ಚೀಪಬೇಕು, ಕಚ್ಚಬಾರ್ದು. ಕಚ್ಚೋನು ಸಾಲೂ ಹಾರಿಸ್ತಾನೆ," ಎನ್ನುತ್ತಿದ್ದರು. ಕೋಣೆ ಅಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ, ಯಾರಾದರೂ ಕಟಕ್ಕೆಂದು ಕಚ್ಚಿದರೆ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಅವನ ಹೆಸರು ಹಿಡಿದು ಕರೆಯುತ್ತಿದ್ದರು.

ತ್ರಿಕೋನಕ್ಕೆ ಬಂದರಂತೂ ಅವರ ಮುಖವೇ ಬೇರೆಯಾಗುತ್ತಿತ್ತು. ಪೈಪು ನೆಟ್ಟಗೆ ಹೋಗುತ್ತಿದೆ, ಎದುರಿಗೆ ಕಂಬ ಬಂತು, ಹತ್ತು ಇಂಚು ಪಕ್ಕಕ್ಕೆ ಸರಿಸಬೇಕು, ಮೂವತ್ತು ಡಿಗ್ರಿ ಓರೆಯಲ್ಲಿ. ಓರೆ ತುಂಡು ಎಷ್ಟುದ್ದ? ಸೈನ್ ಮೂವತ್ತು ಅಂದರೆ ಅರ್ಧ. ಹತ್ತನ್ನು ಅರ್ಧದಿಂದ ಭಾಗಿಸಿದರೆ ಇಪ್ಪತ್ತು. ಶಾಲೆಯ ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಪೈಪಿನವನು ಅಲ್ಲಿಗೆ ನಿಂತರೆ ಕೆಟ್ಟ. ತಿರುವಿನಲ್ಲಿ ಕೂರಿಸುವ ತುಂಡನ್ನು ನಾವು ಮೊಣಕೈ ಅನ್ನುತ್ತೇವೆ. ಎರಡೂ ತುದಿಯ ಮೊಣಕೈಗಳು ಒಂದೂಕಾಲು, ಒಂದೂಕಾಲು ಇಂಚು ಜಾಗ ತಿನ್ನುತ್ತವೆ. ಅದನ್ನು ಕಳೆದು ಹದಿನೇಳೂವರೆ ಇಂಚಿಗೆ ಕತ್ತರಿಸಬೇಕು. "ಮೊಣಕೈ ಕಳೆದ್ಯಾ?" ಎನ್ನುವುದು ರೀಕಾ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ನಾನು ಎರಡು ಸಲ ಫೇಲಾಗಿದ್ದೇ ಕಳೆಯದೆ. ಮೂರನೆಯ ಸಲ ಕಳೆದೆ, ಪಾಸಾದೆ.

ಹೀಗೆ ಅವರ ಕೈಯಡಿ ದಾಟಿಹೋದವರು ಮುನ್ನೂರು ಜನರಾದರೂ ಇದ್ದಾರು.

ಎಂಬತ್ಮೂರರ ಜನವರಿಯಲ್ಲಿ ನಮ್ಮ ಸಂಘದ ಎಲ್ಲ ತರಗತಿಗಳನ್ನೂ ಊರಿನ ಒಂದು ಕಾಲೇಜು ವಹಿಸಿಕೊಂಡಿತು. ಅಲ್ಲಿಂದ ಬಂದ ಫೆನ್‌ವಿಕ್ ಎಂಬ ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಮೆತ್ತಗೆ ಮಾತಾಡುವವನು. ಮುಂದಿನ ಸೆಪ್ಟೆಂಬರಿನಿಂದ ಗಣಿತ ಕಲಿಸುವವರ ಕೈಯಲ್ಲಿ ಕನಿಷ್ಠ ಹನ್ನೆರಡನೇ ತರಗತಿ ಗಣಿತದ ಸರ್ಟಿಫಿಕೇಟ್ ಇರಬೇಕು ಅಂದ. ನಾನು ಆಗ ಸಂಘದ ತರಬೇತಿ ಕಾರ್ಯದರ್ಶಿ. ಇದೇನು ಮಹಾ ಎಂದುಕೊಂಡು ರೀಕಾಗೆ ಫೋನ್ ಮಾಡಿ, ಸರ್ಟಿಫಿಕೇಟಿನ ನಕಲು ಕಳಿಸಿ ಎಂದೆ.

ಮರುದಿನ ಅವರೇ ಬಂದರು. ಕೋಟು ಕೂಡ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತರು.

"ಓಮೆರ್, ನಾನು ಓದಿರೋದು ಎಂಟನೇ ಕ್ಲಾಸು."

ನಾನು ನಕ್ಕೆ. ಅವರು ನಗಲಿಲ್ಲ.

"ಹದಿಮೂರಕ್ಕೇ ಬಿಡಿಸಿದ್ರು. ಥೆಡ್‌ಫರ್ಡ್ ಹತ್ರ ಈರುಳ್ಳಿ ಹೊಲದಲ್ಲಿ ಕೆಲಸ. ಆಮೇಲೆ ಶಾಪಲ್ಲಿ ಕಸ ಗುಡಿಸೋಕೆ ಸೇರ್ದೆ. ನಕ್ಷೆ ನೋಡ್ತಾ ನೋಡ್ತಾ ಕಲ್ತಿದ್ದು. ಒಂದೊಂದು ಸಾಲು ಬರ್ಕೊಂಡು ಕಲ್ತೆ, ಯಾಕಂದ್ರೆ ಬೇರೆ ಥರ ಕಲಿಯೋದು ಹ್ಯಾಗೆ ಅಂತ ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ."

ಅವರ ಗಂಡ ಹೋಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಶಾಪಿನಿಂದ ಹಿಂದಿನ ಬೇಸಿಗೆಯಲ್ಲೇ ನಿವೃತ್ತಿಯಾಗಿತ್ತು. ವಾರದಲ್ಲಿ ಅವರಿಗೆ ಉಳಿದಿದ್ದ ದಿನವೆಂದರೆ ಮಂಗಳವಾರ ಒಂದೇ.

"ಜೂನಲ್ಲಿ ದೊಡ್ಡೋರಿಗೆ ಅಂತ ಪರೀಕ್ಷೆ ಇದ್ಯಂತೆ. ಅರವತ್ತು ಬಂದ್ರೆ ಸಾಕಂತೆ. ನಂಗೆ ಹೇಳ್ಕೊಡ್ತೀಯಾ?" ಎಂದರು.

ಹೀಗೆ ಐವತ್ತೊಂದು ಅಂಕದ ಮಹಾಪಂಡಿತ ರೀಕಾ ವೆಲ್ಡ್‌ಹಾಯ್ಸ್‌ಗೆ ಗಣಿತ ಹೇಳಿಕೊಡಲು ಹೊರಟ.

ಪ್ರತಿ ಶನಿವಾರ ಬೆಳಿಗ್ಗೆ ಅವರ ಅಡುಗೆಮನೆ ಮೇಜಿನ ಮುಂದೆ ಕೂರುತ್ತಿದ್ದೆವು. ಬೆಣ್ಣೆ ಹಚ್ಚಿದ ಬನ್ನು, ಹ್ಯಾಮು, ಗಟ್ಟಿ ಕಾಫಿ. ಬೀಜಗಣಿತ ಅವರಿಗೆ ನೀರು ಕುಡಿದಷ್ಟು ಸುಲಭ. ಗ್ರಾಫು, ಲಾಗರಿದಮ್ಮು ಮುಂತಾದ ಪೈಪಿಗೆ ಬೇಡದ ವಿಷಯಗಳಲ್ಲಿ ಇಬ್ಬರೂ ಒಟ್ಟಿಗೆ ಮುಳುಗಿದೆವು. ಅದನ್ನು ನಾನು ಮೊದಲೇ ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಬೇರೆ. ಏಣಿಯೊಂದು ಗೋಡೆಗೆ ಒರಗಿದೆ, ಉದ್ದ ಕಂಡುಹಿಡಿ ಎಂಬ ಲೆಕ್ಕ ಕೊಟ್ಟೆ. ನಾಲ್ಕು ಸಾಲು ಮುತ್ತಿನಂತೆ ಬರೆದರು, ಸರಿಯಾದ ಉತ್ತರ ಬಂತು. ಐದನೇ ಸಾಲಿನಲ್ಲಿ ಅದರಿಂದ ಏನನ್ನೋ ಕಳೆದರು.

"ಇದೇನ್ರೀ ಇದು?"

"ಮೊಣಕೈ."

"ಏಣಿಗೆ ಎಲ್ಲಿಂದ ಬರತ್ತೆ ರೀಕಾ ಮೊಣಕೈ!"

ಅವರು ಕನ್ನಡಕ ತೆಗೆದು ಕಾಗದವನ್ನೇ ದಿಟ್ಟಿಸಿದರು. "ಕೈ ತಾನೇ ಬರೀತು ಕಣೋ," ಎಂದು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಮೂರು ವಾರ ಅದೊಂದು ತಮಾಷೆಯಾಗಿತ್ತು. ಬಾವುಟದ ಕಂಬಕ್ಕೂ ಕಳೆದರು, ಗುಡ್ಡದ ಇಳಿಜಾರಿಗೂ ಕಳೆದರು. ಆಮೇಲೆ ನಗು ನಿಂತಿತು. ಇಪ್ಪತ್ತಾರು ವರ್ಷ, ದಿನಕ್ಕೆ ನಲವತ್ತು ನಕ್ಷೆ, ಪ್ರತಿಯೊಂದರಲ್ಲೂ ಕಳೆದ ಕೈ ಅದು. ಕಳೆಯದೆ ಬಿಡುವುದೆಂದರೆ ಆ ಕೈಗೆ ಲೆಕ್ಕ ಅರ್ಧಕ್ಕೇ ನಿಲ್ಲಿಸಿದಂತೆ. ಮೇ ತಿಂಗಳ ಕೊನೆಗೆ ಏಣಿ, ಕಂಬ, ಗುಡ್ಡ ಎಲ್ಲ ಸರಿಹೋದವು. ಗೆದ್ದೆವು ಎಂದುಕೊಂಡೆ.

ಪರೀಕ್ಷೆಯ ದಿನ ನಾನೇ ಟ್ರಕ್ಕಿನಲ್ಲಿ ಕರೆದುಕೊಂಡು ಹೋದೆ. ಮೂರು ಗಂಟೆ ಹೊರಗೆ ಕಾದೆ. ಬಂದವರು ಚೆನ್ನಾಗಾಯಿತು ಅಂದರು. ಎರಡು ವಾರದ ಮೇಲೆ ಐವತ್ತಾರು ಬಂತು.

ಕಾಲೇಜಿಗೆ ಹೋಗಿ ಉತ್ತರಪತ್ರಿಕೆ ನೋಡಿದೆವು. ಹದಿನಾಲ್ಕನೇ ಪ್ರಶ್ನೆ, ಎಂಟು ಅಂಕದ್ದು. ಒಂಬತ್ತು ಮೀಟರ್ ಎತ್ತರದ ಟ್ಯಾಂಕಿನ ಬಾಯಿಗೆ ನೆಲದಿಂದ ಮೂವತ್ತು ಡಿಗ್ರಿ ಓರೆಯಲ್ಲಿ ಒಂದು ಪೈಪು ಹೋಗುತ್ತದೆ. ಅದರ ಉದ್ದವೆಷ್ಟು, ಮೀಟರಿಗೆ ಹದಿನಾರು ಕಿಲೋ ಆದರೆ ತೂಕವೆಷ್ಟು? ಏಣಿ, ಕಂಬ ಎಲ್ಲ ಬಿಟ್ಟು ಯಾವನೋ ಪುಣ್ಯಾತ್ಮ ಪೈಪನ್ನೇ ತಂದಿಟ್ಟಿದ್ದ. ನಾಲ್ಕನೇ ಸಾಲಿನಲ್ಲಿ ಸ್ಪಷ್ಟವಾಗಿ 18 ಎಂದಿತ್ತು. ಐದನೇ ಸಾಲಿನಲ್ಲಿ ಎರಡು ಮೊಣಕೈಗೆ ಇಪ್ಪತ್ತು ಸೆಂಟಿಮೀಟರ್ ಕಳೆದು 17.8 ಎಂದಿತ್ತು. 288 ಕಿಲೋ ಬರಬೇಕಾದ ಕಡೆ 284.8 ಬಂದಿತ್ತು. ಎಂಟಕ್ಕೆ ಸೊನ್ನೆ.

ಫೆನ್‌ವಿಕ್ ತಾನೇ ಮೆತ್ತಗೆ ಹೇಳಿದ: "ಮೂವತ್ತು ದಿನದೊಳಗೆ ಮರುಪರಿಶೀಲನೆಗೆ ಸಹಿ ಮಾಡಿ ಕೊಡಿ. ಮೇಲಿನ ಸಾಲುಗಳೆಲ್ಲ ಸರಿ ಇವೆ. ನಾಲ್ಕೈದು ಅಂಕ ಖಂಡಿತ ಸಿಗತ್ತೆ. ಪಾಸಾಗ್ತೀರ."

ರೀಕಾ ಅರ್ಜಿಯನ್ನು ಓದಿ ಮಡಿಸಿ ಅವನ ಕೈಗೇ ವಾಪಸು ಕೊಟ್ಟರು.

ಟ್ರಕ್ಕಿನಲ್ಲಿ ನಾನು ಕಿರುಚಾಡಿದೆ. "ನಿಮಗೇನು ತಲೆ ಕೆಟ್ಟಿದ್ಯಾ? ಒಂದು ಸಹಿ! ಒಂದೇ ಒಂದು ಸಹಿ!"

"ಕೊನೇ ಸಾಲು ತಪ್ಪಿದೆ ಓಮೆರ್."

"ನಮ್ಮ ಕೆಲಸದಲ್ಲಿ ಅದೇ ಸರಿ!"

"ಅವ್ರು ಕೇಳಿದ್ದು ನಮ್ಮ ಕೆಲಸ ಅಲ್ಲ. ನೀನು ಕಳೀದೆ ಬರೆದಾಗ ಪರೀಕ್ಷೆಯೋರು ನಿಂಗೆ ಸೊನ್ನೆ ಕೊಟ್ರು. ನೀನು ಬಂದು ಅತ್ತೆ. ನಾನೇನು ಅರ್ಜಿ ಹಾಕು ಅಂದ್ನಾ? ಕೂತು ಮಾಡು ಅಂದೆ."

ಇಂಥ ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ಒಂದು ಗಂಟೆ ವಾದಿಸಿದೆ. ಎರಡು ಗಂಟೆ ವಾದಿಸಬಹುದಿತ್ತು, ಮರುದಿನ ಹೋಗಿ ಮತ್ತೆ ವಾದಿಸಬಹುದಿತ್ತು. ವಾದಿಸಲಿಲ್ಲ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಆಕೆಗೆ ಆಗದಿದ್ದರೆ ತರಗತಿ ನಿನಗೇ, ನಿನ್ನ ಹತ್ತಿರ ಕಾಗದ ಇದೆಯಲ್ಲ ಎಂದು ಫೆನ್‌ವಿಕ್ ಮೊದಲೇ ನನ್ನ ಕಿವಿಗೆ ಹಾಕಿದ್ದ. ಮಂಗಳವಾರದ ಜೊತೆಗೆ ಇನ್ನೂ ಮೂರು ದಿನದ ಪಾಠ ಸೇರಿಸಿ ಪೂರ್ತಿ ಕೆಲಸ. ಫೆಬ್ರವರಿಯಲ್ಲಿ ನದಿಯ ಗಾಳಿಗೆ ಮೈಯೊಡ್ಡಿ ಎತ್ತರದ ಪೈಪಿನ ಮೇಲೆ ಕೂತು, ಬೆರಳು ಮರಗಟ್ಟಿ ಬೋಲ್ಟು ತಿರುಗಿಸುವವನಿಗೆ ರೇಡಿಯೇಟರ್ ಇರುವ ಕೋಣೆ ಸಿಗುತ್ತದೆಂದರೆ! ನನಗೆ ಆಸೆಯಾಯಿತು. ನಾಚಿಕೆಯೂ ಆಯಿತು. ಆಸೆಯೇ ಗೆದ್ದಿತು.

ಸೆಪ್ಟೆಂಬರಿನ ಮೊದಲ ಮಂಗಳವಾರ ಬೋರ್ಡಿನ ಮುಂದೆ ನಾನು ನಿಂತೆ. ಬಾಗಿಲು ತೆಗೆದುಕೊಂಡು ರೀಕಾ ಬಂದರು. ಶುಲ್ಕ ಕಟ್ಟಿದ ರಸೀತಿಯನ್ನು ನನ್ನ ಮೇಜಿನ ಮೇಲಿಟ್ಟು, ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪುಸ್ತಕ ತೆರೆದರು. ಹೊಸಬರು ಯಾರೋ ಅಜ್ಜಿ ಎಂದುಕೊಂಡರು. ಹಳಬನೊಬ್ಬ ಎದ್ದು ನಿಂತು ಟೋಪಿ ತೆಗೆದ. "ಕೂತ್ಕೋ, ಕೂತ್ಕೋ, ಮೇಷ್ಟ್ರು ಅಲ್ಲಿದಾರೆ," ಎಂದು ನನ್ನತ್ತ ಬೆರಳು ತೋರಿಸಿದರು.

ಎಷ್ಟು ಕಷ್ಟವೆಂದು ಅನುಭವಿಸಿದವನಿಗೇ ಗೊತ್ತು. ನನ್ನ ಒಂದು ತಪ್ಪನ್ನೂ ಅವರು ಎಲ್ಲರೆದುರು ಎತ್ತಿ ಆಡಲಿಲ್ಲ. ನಾನು ಸಾಲು ಹಾರಿಸಿದರೆ ಸುಮ್ಮನೆ ಪೆನ್ಸಿಲು ಕೆಳಗಿಡುತ್ತಿದ್ದರು. ಆ ಸದ್ದಿಗೇ ನಾನು ಹಿಂದಕ್ಕೆ ಹೋಗಿ ಸಾಲು ಸೇರಿಸುತ್ತಿದ್ದೆ.

ನವೆಂಬರಿನಲ್ಲಿ ಬೇಕೆಂದೇ ಪೈಪಿನ ಲೆಕ್ಕ ಕೊಟ್ಟೆ, ಶಾಲೆಯ ಧಾಟಿಯದು. ರೀಕಾ ಮತ್ತೆ ಕಳೆದಿದ್ದರು. ಮೇಲಿನ ನಾಲ್ಕು ಸಾಲೂ ಎಷ್ಟು ಚೆನ್ನಾಗಿದ್ದವೆಂದರೆ ತಪ್ಪು ಹಾಕಲು ನನ್ನ ಕೈ ಬರಲಿಲ್ಲ. ಸರಿ ಗುರುತು ಹಾಕಿ ಕೊಟ್ಟುಬಿಟ್ಟೆ. ಅವರು ಪುಸ್ತಕ ಹಿಡಿದು ಎದ್ದು ಮೇಜಿನ ಹತ್ತಿರ ಬಂದರು.

"ಇದು ತಪ್ಪು. ಅಡ್ಡಗೆರೆ ಹಾಕು."

"ಆಮೇಲೆ ಮಾತಾಡೋಣ ರೀಕಾ. ಎಲ್ಲರ ಮುಂದೆ..."

"ಎಲ್ಲರ ಮುಂದೇನೇ ಹಾಕು. ನಂಗೆ ಕರುಣೆ ತೋರ್ಸಿದ್ರೆ ಜೂನಲ್ಲಿ ಮತ್ತೆ ಬೀಳ್ತೀನಿ. ಆಗ ನೀನು ಬಂದು ಎತ್ತಲ್ಲ."

ಹಾಕಿದೆ. ಕೆಂಪು ಪೆನ್ನಿನಲ್ಲಿ, ಆ ಮುದ್ದಾದ ಅಕ್ಷರಗಳ ಮೇಲೆ. ನನಗೆ ಲೆಕ್ಕ ಕಲಿಸಿದವರ ಪುಸ್ತಕದ ಮೇಲೆ ನಾನೇ ಗೆರೆ ಎಳೆದೆ. ಅವರು "ಥ್ಯಾಂಕ್ಸ್" ಎಂದು ಹೇಳಿ ಹೋಗಿ ಕೂತರು. ಆಮೇಲೆ ಒಂದು ಸಲವೂ ಕಳೆಯಲಿಲ್ಲ.

ಎಂಬತ್ನಾಲ್ಕರ ಜೂನ್ ಪರೀಕ್ಷೆಯಲ್ಲಿ ಅವರಿಗೆ ಎಂಬತ್ತೊಂದು ಬಂತು. ಫೋನಿನಲ್ಲಿ ಆ ಒಂದು ಸಂಖ್ಯೆ ಹೇಳಿದರು, ಅಷ್ಟೇ. ತರಗತಿ ವಾಪಸು ಕೊಡು ಎಂದು ಕೇಳಲಿಲ್ಲ. ಕೇಳುವವರೂ ಅಲ್ಲ. ಅದೇ ನನ್ನ ಫಜೀತಿ. ಕಾಲೇಜಿನ ಮುಂದೆ ಟ್ರಕ್ಕು ನಿಲ್ಲಿಸಿಕೊಂಡು ಇಪ್ಪತ್ತು ನಿಮಿಷ ಸ್ಟೀರಿಂಗ್ ಹಿಡಿದು ಕೂತಿದ್ದೆ. ಬೆಚ್ಚನೆಯ ಕೋಣೆಗೆ ಒಂದು ವರ್ಷದಲ್ಲಿ ಮೈ ಚೆನ್ನಾಗಿ ಒಗ್ಗಿಹೋಗಿತ್ತು. ಕೊನೆಗೆ ಇಳಿದು ಒಳಗೆ ಹೋದೆ.

"ಆಕೆ ಏನೂ ಕೇಳಿಲ್ವಲ್ಲ," ಎಂದ ಫೆನ್‌ವಿಕ್. "ನಿಮ್ಮ ಕ್ಲಾಸು ಚೆನ್ನಾಗೇ ನಡೀತಿದೆ. ಆಕೆಗೆ ಆಗಲೇ ಅರವತ್ತೆರಡು."

"ಕ್ಲಾಸು ಆಕೇದು," ಎಂದೆ. ಇನ್ನೊಂದು ಮಾತಾಡಿದ್ದರೆ ನಾನೇ ಮನಸ್ಸು ಬದಲಾಯಿಸುತ್ತಿದ್ದೆನೋ ಏನೋ, ಅಷ್ಟು ಹೇಳಿ ಎದ್ದುಬಿಟ್ಟೆ.

ಅಲ್ಲಿಂದ ನೇರ ಅವರ ಮನೆಗೆ ಹೋದೆ. ಹಿತ್ತಿಲಿನಲ್ಲಿ ಬೀನ್ಸ್ ಬಳ್ಳಿಗೆ ಕೋಲು ಕಟ್ಟುತ್ತಿದ್ದರು.

"ಸೆಪ್ಟೆಂಬರಿಂದ ನಿಮ್ಮ ಕ್ಲಾಸು," ಎಂದೆ.

ಕೈಯಲ್ಲಿದ್ದ ದಾರವನ್ನು ಗಂಟು ಹಾಕಿ ಮುಗಿಸಿದರು. "ನಿಂಗೆ?"

"ನಂಗೆ ಪೈಪಿದೆ."

ಹೊಗಳುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವರು ಏಪ್ರನ್ನಿಗೆ ಕೈ ಒರೆಸಿಕೊಂಡು, "ಯಾರ್ಯಾರು ಹಿಂದೆ ಬಿದ್ದಿದಾರೆ?" ಎಂದು ಕೇಳಿದರು.

ಮೂರು ಹೆಸರು ಹೇಳಿದೆ. ಮೊದಲನೆಯವನು ಭಿನ್ನರಾಶಿಯಲ್ಲಿ ಸಿಕ್ಕಿಕೊಳ್ಳುತ್ತಾನೆ, ಎರಡನೆಯವನು ಚಿಹ್ನೆ ತಪ್ಪಿಸುತ್ತಾನೆ ಎಂದೆ. ಮೂರನೆಯವನು ಮರ್ವಿನ್ ಕಾಟ್ನಮ್, ನಲವತ್ತೈದರ ವೆಲ್ಡರ್. ವರ್ಷವಿಡೀ ರೀಕಾ ಪಕ್ಕದಲ್ಲಿ ಕೂತು ಅವರ ಪುಸ್ತಕ ನೋಡಿ ನಕಲು ಹೊಡೆಯುತ್ತಿದ್ದ. ಎಷ್ಟು ಸಲ ಅವನನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಬೈದಿದ್ದೆನೋ.

"ಮರ್ವಿನ್ ಎಲ್ಲಿ ಸಿಕ್ಕಿಕೊಳ್ತಾನೆ?"

"ಅವನ ಸುದ್ದಿ ಬಿಡಿ. ಮಹಾ ದಡ್ಡ. ತಲೇಗೆ ಏನೂ ಹತ್ತಲ್ಲ."

ರೀಕಾ ನನ್ನನ್ನೇ ನೋಡಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಅವನಿಗೆ ಬೋರ್ಡು ಕಾಣಲ್ಲ ಓಮೆರ್. ವೆಲ್ಡಿಂಗ್ ಬೆಳಕಿಗೆ ಕಣ್ಣು ಮಂಜಾಗಿದೆ. ಹೇಳಿದ್ರೆ ಕೆಲಸ ಹೋಗತ್ತೆ ಅಂತ ಬಾಯಿ ಬಿಡಲ್ಲ. ಲೆಕ್ಕ ಬರತ್ತೆ ಅವನಿಗೆ. ಪ್ರಶ್ನೆ ಮಾತ್ರ ನನ್ನ ಪುಸ್ತಕದಿಂದ ಇಳಿಸ್ಕೋತಿದ್ದ, ಉತ್ತರ ಅವನದೇ."

ಸೆಪ್ಟೆಂಬರಿನಲ್ಲಿ ನಾನು ಪೈಪಿಗೆ ಮರಳಿದೆ. ಮೊದಲನೇ ಮಂಗಳವಾರ ರೀಕಾ ಎಲ್ಲರ ಪ್ರಶ್ನೆಗಳನ್ನೂ ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ತಂದು ಹಂಚಿದರಂತೆ, ಯಾರಿಗೂ ಕಾರಣ ಹೇಳದೆ. ಮರ್ವಿನ್ ಆ ಚಳಿಗಾಲವೇ ಪಾಸಾದ. ಅವನ ಕ್ಷಮೆ ಕೇಳಬೇಕೆಂದು ಎರಡು ಸಲ ಅವನ ಮನೆಯ ಬಾಗಿಲವರೆಗೂ ಹೋಗಿದ್ದೆ. ಮೂರನೆಯ ಸಲ ಬಾಗಿಲು ತಟ್ಟಿದೆ.